ಈ ವಾರ ಯಾರು ಹೋಗ್ತಾರೆ

ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ಯಾರು ಉಳಿಯುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂದು ನಮ್ಮ ಮಾವ ಮೊದಲೇ ಹೇಳಿಬಿಡುತ್ತಿದ್ದರು. ಅವರು ಹೇಳಿದ್ದು ತಪ್ಪಿದ್ದು ನನಗೆ ನೆನಪಿಲ್ಲ. ಶನಿವಾರ, ಭಾನುವಾರ ಸಂಜೆ ಅಕ್ಕಪಕ್ಕದ ಹೆಂಗಸರು ಅಡುಗೆ ಬೇಗ ಮುಗಿಸಿ ನಮ್ಮ ನಡುಮನೆಗೆ ಬಂದು ಕೂರುತ್ತಿದ್ದರು. ಹಾಡು ಕೇಳುವ ಆಸೆಗಿಂತ ಮಾವನ ಬಾಯಿಂದ ಆ ಮಾತು ಕೇಳುವ ಆಸೆಯೇ ಅವರಿಗೆ ಹೆಚ್ಚು.

"ಅಜ್ಜ, ಈ ವಾರ ಯಾರು ಹೋಗ್ತಾರೆ?"

ಮಾವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು, ಹಣೆಯ ವಿಭೂತಿಯ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ನೋಡುತ್ತಿದ್ದರು. ಇನ್ನೂ ಹಾಡೇ ಶುರುವಾಗಿರುತ್ತಿರಲಿಲ್ಲ. "ಆ ಹಸಿರು ಲಂಗದ ಹುಡುಗಿ" ಎನ್ನುತ್ತಿದ್ದರು. ಆ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಳು, ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯಲ್ಲಿ ಹೋಗುತ್ತಿದ್ದುದು ಅವಳೇ.

ನಮ್ಮದು ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಮುಂದೆ ಮೈಕ್ ಸೆಟ್, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ, ಹಿಂದೆ ಮನೆ. ಅಂಗಡಿ ಹಾಕಿದ್ದು ಮಾವ, ಈಗ ಅವರ ಮಗ, ಅಂದರೆ ನಮ್ಮವರು, ನಡೆಸುತ್ತಾರೆ. ಕೊಪ್ಪದ ಮದುವೆ, ಶೃಂಗೇರಿಯ ಸಂಗೀತ ಕಾರ್ಯಕ್ರಮ, ಬಾಳೆಹೊನ್ನೂರಿನ ಸಭೆ ಎಂದು ಮಾವ ಆಯುಷ್ಯದ ಹೆಚ್ಚು ಪಾಲನ್ನು ವೇದಿಕೆಯ ಮಗ್ಗುಲಲ್ಲಿ ಆಂಪ್ಲಿಫೈಯರ್ ಮುಂದೆ ಕೂತು ಕಳೆದವರು. ಹಾಗಾಗಿ ಅವರಿಗೆ ಹಾಡಿನ ಒಳಗುಟ್ಟು ಗೊತ್ತು ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಒಂದು ಭಾನುವಾರ ಎಲ್ಲರೂ ಎದ್ದುಹೋದ ಮೇಲೆ ಕೇಳಿದೆ.

"ನಿಮಗೆ ಹೆಂಗೆ ಗೊತ್ತಾಗುತ್ತೆ ಮಾವ? ಶ್ರುತಿ ನೋಡಿ ಹೇಳ್ತೀರಾ?"

"ಶ್ರುತಿನೂ ಇಲ್ಲ, ಎಂತದೂ ಇಲ್ಲ" ಎಂದು ಅವರು ನಕ್ಕರು. "ಹಾಡಕ್ಕೆ ಮುಂಚೆ ಒಂದು ಸಣ್ಣ ಪಿಚ್ಚರ್ ತೋರಿಸ್ತಾರಲ್ಲ, ಅದನ್ನ ನೋಡಮ್ಮ. ಯಾರ ಮನೆ ತೋರಿಸ್ತಾರೋ ಅವರನ್ನ ಆ ವಾರ ಕಳಿಸಲ್ಲ. ಅಪ್ಪ ಕುಡೀತಾನೆ, ಅಮ್ಮಂಗೆ ಕಣ್ಣು ಕಾಣಲ್ಲ, ಅಣ್ಣ ಹೋಗಿಬಿಟ್ಟ. ಹಿಂಗೆ ಎಂತಾದ್ರೂ ಇರೋ ತನಕ ಇಟ್ಕೋತಾರೆ. ಅಳೋದೆಲ್ಲ ಖಾಲಿ ಆಯ್ತು ಅಂದ್ರೆ, ಮನೆಗೆ."

ಅವತ್ತು ನಾನೂ ನಕ್ಕೆ. ಮುಂದಿನ ವಾರದಿಂದ ನನಗೂ ಅದೇ ಕಾಣತೊಡಗಿತು. ಹಾಡು ಕೇಳಿಸುವುದೇ ನಿಂತುಹೋಯಿತು.

ಇದಾಗಿ ಒಂದು ವರ್ಷಕ್ಕೆ ನನ್ನ ಮಗಳು ಅದೇ ಸ್ಪರ್ಧೆಗೆ ಆಯ್ಕೆಯಾದಳು. ಆಗ ಅವಳು ಬಾಳಗಡಿಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಸಣ್ಣವಳಿದ್ದಾಗ ಅಜ್ಜನ ಮೈಕಿನಲ್ಲೇ ಹಾಡಿ ಬೆಳೆದವಳು. ಶಿವಮೊಗ್ಗದಲ್ಲಿ ಮೊದಲ ಸುತ್ತು ಮುಗಿಸಿ, ಬೆಂಗಳೂರಿಗೆ ಎರಡು ಸಲ ಹೋಗಿ ಬಂದು, ಸಿಹಿ ಹಂಚಿದಳು. ಮಾವ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಎಂತ ಕೇಳಿದ್ರು ಪುಟ್ಟಿ ಅಲ್ಲಿ?"

"ಎರಡು ಹಾಡು ಹಾಡಿಸಿದ್ರು ಅಜ್ಜ. ಆಮೇಲೆ ಮನೇಲಿ ಏನು ಕಷ್ಟ ಅಂತ ಕೇಳಿದ್ರು. ಕಷ್ಟ ಏನಿಲ್ಲ ಅಂದೆ. ಮತ್ತೆ ಮತ್ತೆ ಕೇಳಿದ್ರು. ಕೊನೆಗೆ ಅಜ್ಜಂಗೆ ಹಾರ್ಟಿಗೆ ಸ್ಟೆಂಟ್ ಹಾಕಿದಾರೆ ಅಂತ ಹೇಳಿದೆ."

ನಮ್ಮವರು "ಅದರಲ್ಲಿ ಎಂತ ಇದೆ ಹೇಳಕ್ಕೆ" ಎಂದು ನಕ್ಕರು. ಮಾವ ನಗಲಿಲ್ಲ. ಪೇಡೆಯನ್ನು ಬಾಯಿಗೆ ಹಾಕಿಕೊಂಡು ಟಿ.ವಿ. ಕಡೆ ನೋಡಿದರು. ಆಗ ಟಿ.ವಿ. ಆಫ್ ಆಗಿತ್ತು.

ಸ್ಟೆಂಟ್ ಹಾಕಿಸಿದ್ದು ನಿಜ. ಆದರೆ ಅದಾದ ಮೇಲೆ ಮಾವ ಕಲ್ಲುಗುಂಡಿನ ಹಾಗಿದ್ದರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೇವರ ಕೋಣೆಯಲ್ಲಿ ಕೂತು ಲಿಂಗಪೂಜೆ ಮುಗಿಸಿ, ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಪೇಪರ್ ತರುತ್ತಿದ್ದರು. ಮನಸ್ಸಾದರೆ ಅಣೆಕಟ್ಟಿನ ಹಿನ್ನೀರಿನ ತನಕ ಹೋಗಿ ಬರುತ್ತಿದ್ದರು. ರಕ್ತ ತೆಳುವಾಗುವ ಮಾತ್ರೆಯೊಂದನ್ನು ಮಾತ್ರ ತಪ್ಪಿಸಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಕ್ಯಾಮೆರಾದವರು ಒಂದು ವ್ಯಾನಿನಲ್ಲಿ ಬಂದರು. ಮಗಳನ್ನು ಮೊದಲು ಸಿರಿಮನೆಗೆ ಕರೆದುಕೊಂಡು ಹೋಗಿ ಜಲಪಾತದ ಎದುರು ಹಾಡಿಸಿದರು. ಬಸರೀಕಟ್ಟೆಯ ಹತ್ತಿರ ಯಾವುದೋ ಕಾಫಿ ತೋಟದ ನಡುವೆ ಬರಿಗಾಲಲ್ಲಿ ನಡೆಸಿದರು. ಆ ತೋಟವನ್ನು ನಾವು ಯಾರೂ ನೋಡಿದ್ದೇ ಇಲ್ಲ. ಅಲ್ಲಿಂದಲೇ ಅವಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ, ಆಮೇಲೆ ತಾವಷ್ಟೇ ಮನೆಗೆ ಬಂದು, ಅಂಗಡಿಯ ಬೋರ್ಡು ಕಾಣದ ಹಾಗೆ ಕ್ಯಾಮೆರಾ ಇಟ್ಟರು. ಮುಖ್ಯಸ್ಥನಂತಿದ್ದ ಹುಡುಗ ಬಹಳ ವಿನಯವಂತ. ಬಂದವನೇ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕುರ್ಚಿಯಲ್ಲಿ ಕೂತಿದ್ದ ಅವರನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿದ.

"ಅಜ್ಜ, ಸ್ವಲ್ಪ ಮಲ್ಕೋತೀರಾ? ಮಂಚ ಇಲ್ಲೇ ಹಾಲ್‌ಗೆ ತರ್ತೀವಿ, ಲೈಟ್ ಚೆನ್ನಾಗಿದೆ."

ಅವರೇ ಮಂಚ ಎತ್ತಿ ತಂದರು. ಮಾವನ ಇಸ್ತ್ರಿ ಶರ್ಟು ತೆಗೆಸಿ ಹಳೆಯ ಬನಿಯನ್ ಹಾಕಿಸಿದರು. ನನ್ನ ಹತ್ತಿರ ಮಾಸಿದ ಹೊದಿಕೆ ಕೇಳಿದರು. ನಾನು ಒಗೆದದ್ದು ತಂದುಕೊಟ್ಟರೆ, ಹಿತ್ತಿಲಲ್ಲಿ ಶಾಮಿಯಾನದ ಗಂಟಿನ ಮೇಲೆ ಬಿದ್ದಿದ್ದ ಕಂಬಳಿಯನ್ನು ತಾವೇ ಹುಡುಕಿ ತಂದರು. ಮಾವ ಅದನ್ನು ಹೊದ್ದು ಮಲಗಿದರು. ಆ ಹುಡುಗ ಹತ್ತಿರ ಬಗ್ಗಿ, "ಮೊಮ್ಮಗಳ ಬಗ್ಗೆ ಏನಾದ್ರೂ ಹೇಳಿ ಅಜ್ಜ" ಎಂದ.

ಮಾವ ಮೇಲೆ ಮಾಡಿನ ಹಂಚು ನೋಡಿದರು. ಆಮೇಲೆ, ನಾವು ಎಂದೂ ಕೇಳದ ಒಂದು ತೆಳ್ಳಗಿನ ದನಿಯಲ್ಲಿ, "ಅವಳು ಗೆಲ್ಲೋದನ್ನ ನೋಡಿ ಕಣ್ಣು ಮುಚ್ತೀನಿ. ಅಷ್ಟು ದಿನ ದೇವರು ಇಟ್ಟರೆ ಸಾಕು" ಎಂದರು.

ಯಾರೂ ಅವರಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ನಾನು ಕಾಫಿಯ ತಟ್ಟೆ ಕೆಳಗಿಟ್ಟಾಗ ಲೋಟಗಳು ಒಂದಕ್ಕೊಂದು ತಾಗಿದವು.

"ಸೂಪರ್ ಅಜ್ಜ" ಎಂದ ಹುಡುಗ. "ಲೋಟದ ಸೌಂಡ್ ಬಂತು. ಇನ್ನೊಂದ್ಸಲ ಹೇಳ್ತೀರಾ?"

ಮಾವ ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿತ್ತು. ನಡುವೆ ಒಂದು ಕಡೆ ಉಸಿರು ಎಳೆದುಕೊಂಡರು.

ವ್ಯಾನು ಹೋದ ಮೇಲೆ ಎದ್ದು ಶರ್ಟು ಹಾಕಿಕೊಂಡು ಕಾಫಿ ಕುಡಿದರು. ಮಂಚ ಒಳಗೆ ಇಡೋಣ ಎಂದು ನಮ್ಮವರು ಎದ್ದರೆ, "ಇರಲಿ ಬಿಡು ಮಾರಾಯ, ಮತ್ತೆ ಬರ್ತಾರೆ" ಎಂದರು. ಮಂಚ ನಡುಮನೆಯಲ್ಲೇ ಉಳಿಯಿತು.

ಅದು ಪ್ರಸಾರವಾದ ಸಂಜೆ ಮನೆ ತುಂಬ ಜನ. ವೇದಿಕೆಯ ಮೇಲಿನ ದೊಡ್ಡ ಪರದೆಯಲ್ಲಿ ಮಾವ ಕಂಬಳಿ ಹೊದ್ದು ಮಲಗಿದ್ದರು. ಹಿಂದೆ ಪಿಟೀಲು ಅಳುತ್ತಿತ್ತು. ಮಗಳು ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲವಂತೆ. ಅಜ್ಜ ಆ ಮಾತು ಹೇಳುತ್ತಿದ್ದ ಹಾಗೆ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು. ನಮ್ಮ ನಡುಮನೆಯ ಹೆಂಗಸರೂ ಕಣ್ಣೊರೆಸಿಕೊಂಡರು. ಮಾವ ಅವರ ನಡುವೆಯೇ ಕುರ್ಚಿಯಲ್ಲಿ ಕೂತಿದ್ದರು. ಆದರೂ ಒಬ್ಬಾಕೆ ಪರದೆ ನೋಡಿಕೊಂಡೇ "ಪಾಪ, ಅಜ್ಜ" ಎಂದಳು.

"ಈ ವಾರ ಕಳಿಸಲ್ಲ" ಎಂದರು ಮಾವ. ಕಳಿಸಲಿಲ್ಲ.

ಮರುದಿನದಿಂದ ಜನ ಬರತೊಡಗಿದರು. ಕೊಪ್ಪದಿಂದ, ಬಾಳೆಹೊನ್ನೂರಿನಿಂದ ನೆಂಟರು ಮೂಸಂಬಿ, ಬ್ರೆಡ್ಡು, ಎಳನೀರು ಹಿಡಿದು ಬಂದರು. ಬಸರೀಕಟ್ಟೆಯ ಕಡೆಯಿಂದ ಒಂದು ಜೀಪು ತುಂಬ ಗುರುತೇ ಇಲ್ಲದವರು ಬಂದರು. ಹುಡುಗಿ ತಮ್ಮ ಊರಿನವಳು ಎಂದೇ ಅವರು ತಿಳಿದಿದ್ದರು. ಮೊದಮೊದಲು ಮಾವ ಅಂಗಡಿಯ ಮುಂದೆ ಯಾರಾದರೂ ಚಪ್ಪಲಿ ಬಿಡುವ ಸದ್ದು ಕೇಳಿದರೆ ಮಾತ್ರ ಹೋಗಿ ಮಲಗುತ್ತಿದ್ದರು. ಆಮೇಲೆ ಯಾರು ಯಾವಾಗ ಬರುತ್ತಾರೋ ಎಂದು ಮಲಗಿಯೇ ಇರುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಹೋದರೆ ಜನ ನೋಡುತ್ತಾರೆ ಎಂದು ಪೇಪರ್ ತರುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಪೂಜೆಯ ನೀರು, ಪತ್ರೆ, ಹೂವನ್ನು ಮಂಚಕ್ಕೇ ತರಲು ಹೇಳಿದರು. ನಾನು ಮದುವೆಯಾಗಿ ಬಂದಾಗಿನಿಂದ, ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬಿಟ್ಟರೆ, ಅವರು ದೇವರ ಕೋಣೆಯ ಹೊರಗೆ ಪೂಜೆಗೆ ಕೂತದ್ದು ಇದೇ ಮೊದಲು.

"ಇದು ಸರಿ ಕಾಣ್ತಿಲ್ಲ" ಎಂದು ನಮ್ಮವರಿಗೆ ಹೇಳಿದೆ.

"ಪುಟ್ಟಿಗೋಸ್ಕರ ಮಾಡ್ತಿದಾರೆ ಮಾರಾಯ್ತಿ. ಇನ್ನು ಸ್ವಲ್ಪ ವಾರ ಅಷ್ಟೆ. ಅಪ್ಪಂಗೆ ಎಂತ ಆಗಿದೆ? ಗಟ್ಟಿ ಇದಾರೆ."

ಅವರು ಕೆಟ್ಟವರಲ್ಲ. ಮಗಳ ಹೆಸರು ಪೇಟೆಯಲ್ಲೆಲ್ಲ ಓಡಾಡುತ್ತಿತ್ತು, ಕಟೌಟ್ ಹಾಕಿಸುವ ಮಾತು ನಡೆದಿತ್ತು. ಎದುರಿಗಿರುವುದು ಅವರಿಗೆ ಕಾಣುತ್ತಿರಲಿಲ್ಲ.

ಕಾರ್ಯಕ್ರಮದವರಲ್ಲಿ ಮನೆಯವರ ಜೊತೆ ಮಾತಾಡುವುದಕ್ಕೆಂದೇ ಒಬ್ಬ ಹೆಣ್ಣುಮಗಳಿದ್ದಳು. ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡುತ್ತಿದ್ದಳು. ಮೊದಲು ಊಟ, ತಿಂಡಿ ವಿಚಾರಿಸಿ, ಆಮೇಲೆ "ಅಜ್ಜನ ಹೆಲ್ತ್ ಹೇಗಿದೆ ಮೇಡಂ?" ಎನ್ನುತ್ತಿದ್ದಳು. "ಹಾಗೇ ಇದ್ದಾರೆ" ಎಂದು ನಾನು ಹೇಳಿದರೆ ಬೇಗನೆ ಫೋನ್ ಇಟ್ಟುಬಿಡುತ್ತಿದ್ದಳು. ಒಂದು ಸಲ ದನಿ ತಗ್ಗಿಸಿ ಹೇಳಿದಳು.

"ತಪ್ಪು ತಿಳ್ಕೋಬೇಡಿ ಮೇಡಂ. ಏನೇ ಆದ್ರೂ, ದೇವರು ಹಾಗಾಗೋದು ಬೇಡ, ಆದ್ರೂ ಏನೇ ಆದ್ರೂ ಮೊದಲು ನಮಗೆ ಹೇಳಿ. ರಾತ್ರಿ ಆದ್ರೂ ಪರವಾಗಿಲ್ಲ. ನಾವು ಟೀಮ್ ಕಳಿಸ್ತೀವಿ."

ಫೋನ್ ಇಟ್ಟು ತಿರುಗಿದರೆ ಮಾವ ಮಂಚದಿಂದ ನನ್ನನ್ನೇ ನೋಡುತ್ತಿದ್ದರು.

ಆ ಹೊತ್ತಿಗೆ ಅವರ ಊಟ ಅರ್ಧಕ್ಕೆ ಇಳಿದಿತ್ತು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು. ಅದು ನಾಟಕವೋ ನಿಜವೋ ನನಗೆ ತಿಳಿಯುತ್ತಿರಲಿಲ್ಲ. ಯಾರೂ ಇಲ್ಲದಾಗ ಹೇಗೆ ನಡೆಯುತ್ತಾರೆ ನೋಡೋಣ ಎಂದು ಒಂದು ದಿನ ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಆಗಲೂ ಗೋಡೆ ಹಿಡಿದೇ ನಡೆದರು. ಕಾಲಿನ ಮೀನಖಂಡ ಇಳಿದುಹೋಗಿ ಪಂಚೆಯ ಕೆಳಗೆ ಕೋಲಿನ ಹಾಗೆ ಕಾಣುತ್ತಿತ್ತು. ಶನಿವಾರ, ಭಾನುವಾರ ಹೆಂಗಸರು ಹಿಂದಿನ ಹಾಗೆಯೇ ಬರುತ್ತಿದ್ದರು. ಈಗ ಮಂಚದ ಸುತ್ತ ಕೂರುತ್ತಿದ್ದರು. ಟಿ.ವಿ. ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲದ ನಡುಮನೆಯಲ್ಲಿ ಮಲಗಿರುವ ಒಬ್ಬರು, ಸುತ್ತ ಸೆರಗು ಹೊದ್ದು ಕೂತ ಹೆಂಗಸರು. ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ. ಒಳಗೆ ಕಾಲಿಡಲು ಮನಸ್ಸು ಬರುತ್ತಿರಲಿಲ್ಲ.

ಕೊನೆಯ ಸುತ್ತಿಗೆ ಇನ್ನು ಸ್ವಲ್ಪವೇ ಬಾಕಿ ಇತ್ತು. ಒಂದು ಮಧ್ಯಾಹ್ನ ಮಾವ ಬಚ್ಚಲಿಗೆ ಹೋದಾಗ ಹಾಸಿಗೆ ಕೊಡವಿದೆ. ಕಂಬಳಿಯ ಮಡಿಕೆಯಿಂದ ಮಾತ್ರೆಗಳು ಉದುರಿದವು. ಬೇರೆ ಯಾವುದೂ ಅಲ್ಲ, ಆ ಒಂದೇ ಮಾತ್ರೆ, ತಪ್ಪಿಸಬಾರದು ಎಂದಿದ್ದ ಗುಲಾಬಿ ಬಣ್ಣದ್ದು. ಕೆಲವು ಬಾಯಲ್ಲಿ ಒದ್ದೆಯಾಗಿ ಬಣ್ಣ ಬಿಟ್ಟಿದ್ದವು.

ಅವರು ಬರುವವರೆಗೂ ಅವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅವರು ನೋಡಿದರು. ಬೈಸಿಕೊಳ್ಳುವವರ ಮುಖವಾಗಲಿ, ಸಿಕ್ಕಿಬಿದ್ದವರ ಮುಖವಾಗಲಿ ಅದು ಆಗಿರಲಿಲ್ಲ. ಮೆಲ್ಲಗೆ ಮಂಚದ ಮೇಲೆ ಕೂತರು.

"ಎಂತ ಇದು ಮಾವ?"

"ಕೂತ್ಕೋಮ್ಮ" ಎಂದರು. ಆಮೇಲೆ ಭಾನುವಾರ ಸಂಜೆ ಹೆಂಗಸರಿಗೆ ಹೇಳುವ ದನಿಯಲ್ಲೇ ಶುರುಮಾಡಿದರು. "ಈಗ ಉಳಿದೋರನ್ನ ನೋಡು. ತಾಯಿ ಇಲ್ಲದ ಆ ಹುಡುಗನ್ನ ಕಳಿಸಲ್ಲ. ಕೈ ಸರಿ ಇಲ್ಲದ ಆ ಮಗೂನೂ ಕಳಿಸಲ್ಲ. ನಮ್ಮ ಪುಟ್ಟಿದು ಮುಗೀತು. ಅಜ್ಜ ಮಲಗಿದಾನೆ ಅನ್ನೋದನ್ನ ಎಷ್ಟು ವಾರ ತೋರಿಸ್ತಾರೆ? ಬರೀ ಮಲಗಿದ್ರೆ ಇನ್ನು ಸಾಕಾಗಲ್ಲ."

ಹೊರಗೆ ಅಂಗಡಿಯಲ್ಲಿ ನಮ್ಮವರು ಮೈಕು ಪರೀಕ್ಷೆ ಮಾಡುತ್ತ "ಹಲೋ, ಹಲೋ" ಎನ್ನುತ್ತಿದ್ದರು. ಮಾವ ಅತ್ತ ಒಮ್ಮೆ ನೋಡಿ, "ನಂಗೂ ವಯಸ್ಸಾಯ್ತು" ಎಂದರು. "ಹೆಂಗಿದ್ರೂ ಒಂದಿನ ಹೋಗೋದೇ. ಅವಳಿಗೆ ಉಪಯೋಗ ಆಗೋ ಹಾಗೆ ಹೋದ್ರೆ ತಪ್ಪೆಂತ?"

ನನಗೆ ಅಳು ಬರಲಿಲ್ಲ. ಅವರು ಹೇಳಿದ ಲೆಕ್ಕಾಚಾರ ತಪ್ಪಾಗಿರಲಿಲ್ಲ, ಅದೇ ಹೆದರಿಕೆ. ಅಂಗಡಿಗೆ ಹೋಗಿ ನಮ್ಮವರ ಮುಂದೆ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದೆ. ಅವರು ಮೈಕು ಕೆಳಗಿಟ್ಟರು. ಅದು ಇನ್ನೂ ಆನ್ ಇತ್ತು. ನಾನು ಹೇಳಿದ್ದರಲ್ಲಿ ಒಂದೆರಡು ಮಾತು ಬೀದಿಗೂ ಕೇಳಿಸಿರಬೇಕು.

ಅವತ್ತೇ ಕಾರ್ಯಕ್ರಮದ ಆ ಹೆಣ್ಣುಮಗಳಿಗೆ ಫೋನ್ ಮಾಡಿ ಮಗಳನ್ನು ಕೊಡಿ ಎಂದೆ. ಚಿತ್ರೀಕರಣದ ದಿನಗಳಲ್ಲಿ ಹಾಡುವವರ ಫೋನನ್ನು ಅವರೇ ಇಟ್ಟುಕೊಳ್ಳುತ್ತಿದ್ದರು. "ರಿಹರ್ಸಲ್ ನಡೀತಿದೆ, ಆಮೇಲೆ" ಎಂದಳು. "ಅಜ್ಜನ ವಿಷಯ" ಎಂದೆ. ಕೂಡಲೇ ಕೊಟ್ಟಳು.

"ಅಮ್ಮಾ" ಎಂದ ಮಗಳ ದನಿ ಒಡೆದಿತ್ತು. "ಅಜ್ಜಂಗೆ ತುಂಬಾ ಸೀರಿಯಸ್ ಅಂತ ಹೇಳಿದ್ರು. ಹೌದಾ? ನಾನು ಬರ್ಲಾ?"

"ಯಾರು ಹೇಳಿದ್ದು?"

"ಇಲ್ಲೇ. ಸ್ಟೇಜ್ ಮೇಲೆ ಅಜ್ಜಂಗೋಸ್ಕರ ಹಾಡು, ಅಳು ಬಂದ್ರೆ ತಡ್ಕೋಬೇಡ ಅಂದ್ರು."

ಎಲ್ಲವನ್ನೂ ಹೇಳಿದೆ, ಮಾತ್ರೆಯದ್ದನ್ನೂ. ಅವಳು ಕೇಳಿದಳು, "ಅಜ್ಜ ಚೆನ್ನಾಗಿದಾರೆ ಅಂತ ಸ್ಟೇಜ್ ಮೇಲೆ ಹೇಳಿಬಿಡ್ಲಾ?"

"ಹೇಳು" ಎಂದೆ. ಹಾಗೆ ಹೇಳಿದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಫೋನು ಮತ್ತೆ ಆ ಹೆಣ್ಣುಮಗಳ ಕೈಗೆ ಹೋಯಿತು. ನಮ್ಮ ಮಾವ ಎದ್ದು ಓಡಾಡಿಕೊಂಡಿದ್ದಾರೆ, ಇನ್ನು ಅವರ ವಿಷಯಕ್ಕೆ ಫೋನ್ ಮಾಡಬೇಡಿ ಎಂದೆ. "ಓ" ಎಂದಳು. "ಒಳ್ಳೇದಾಯ್ತು ಮೇಡಂ." ಅವಳು ಆಮೇಲೆ ಫೋನ್ ಮಾಡಲಿಲ್ಲ.

ಆ ವಾರ ಪ್ರಸಾರದ ದಿನ ಅಕ್ಕಪಕ್ಕದವರಿಗೆ ಬರಬೇಡಿ ಎಂದಿದ್ದೆ. ಮಾವ ಮಂಚದಲ್ಲಿ ಮಲಗಿಯೇ, ನಾವಿಬ್ಬರು ಪಕ್ಕದಲ್ಲಿ ಕೂತು ನೋಡಿದೆವು. ಮಗಳ ಸರದಿ ಬಂದಾಗ ಮನೆ ತೋರಿಸಲಿಲ್ಲ, ಜಲಪಾತ ತೋರಿಸಲಿಲ್ಲ. ನೇರವಾಗಿ ಹಾಡು. ಮಾವ ಕಣ್ಣು ಮುಚ್ಚಿಕೊಂಡು, "ಇವತ್ತು ಕಳಿಸ್ತಾರೆ" ಎಂದರು. ಅವಳು ಅಳಲಿಲ್ಲ. ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅಜ್ಜ ಚೆನ್ನಾಗಿದ್ದಾರೆ ಎಂದು ಅವಳು ಹೇಳಿದ್ದನ್ನು ತೋರಿಸಲೇ ಇಲ್ಲ. ಹೇಳಿದ್ದೆ, ನಿರೂಪಕ ಅರ್ಧಕ್ಕೇ ಮಾತು ತಿರುಗಿಸಿದ ಎಂದು ಮನೆಗೆ ಬಂದ ಮೇಲೆ ತಿಳಿಸಿದಳು. ಹೆಸರು ಕರೆದು ಕಳಿಸಿದಾಗ ಮಾವ ಗೋಡೆಯ ಕಡೆ ಹೊರಳಿಕೊಂಡರು.

ಮಾತ್ರೆ ಮತ್ತೆ ಶುರುವಾಗಿತ್ತು, ಆದರೆ ತಡವಾಗಿತ್ತು. ಮಗಳು ಬಂದ ವಾರದಲ್ಲೇ ಒಂದು ಮಧ್ಯಾಹ್ನ ಮಾವ ಎದೆ ಹಿಡಿದುಕೊಂಡರು. ಈ ಸಲ ಉಸಿರು ಎಳೆದುಕೊಂಡದ್ದು ಬೇರೆ ಥರ ಇತ್ತು. ಶಾಮಿಯಾನ ಸಾಗಿಸುವ ಗಾಡಿಯ ಹಿಂದುಗಡೆ ಹಾಸಿಗೆ ಹಾಕಿ, ಮಗಳ ತೊಡೆಯ ಮೇಲೆ ತಲೆ ಇಟ್ಟು ಆಸ್ಪತ್ರೆಗೆ ಒಯ್ದೆವು. ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗ. ಇನ್ನೊಂದು ಸ್ಟೆಂಟ್ ಹಾಕಿದರು. ಹೃದಯದ ಒಂದು ಭಾಗ ಇನ್ನು ಕೆಲಸ ಮಾಡುವುದಿಲ್ಲ ಎಂದರು. "ಮಾತ್ರೆ ಯಾಕೆ ಬಿಟ್ರಿ?" ಎಂದು ಡಾಕ್ಟರು ಕೇಳಿದಾಗ ನಾವು ಮೂವರೂ ನೆಲ ನೋಡಿದೆವು. ಮಾವನೇ, "ಮರೆತುಹೋಯ್ತು ಡಾಕ್ಟ್ರೆ" ಎಂದರು.

ಈಗ ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬರುತ್ತಾರೆ. ಎದುರಾದವರು ಬೆಚ್ಚಿ ನೋಡುತ್ತಾರೆ. ಕೊಪ್ಪದ ಒಂದು ಮದುವೆಯಲ್ಲಿ ಒಬ್ಬ ಹೆಂಗಸು ನನ್ನ ಕೈ ಹಿಡಿದು, "ನಿಮ್ಮ ಮಾವನೋರ ಕಾರ್ಯ ಎಲ್ಲ ಚೆನ್ನಾಗಿ ಆಯ್ತಾ?" ಎಂದು ಕೇಳಿದಳು. ಇದ್ದಾರೆ ಎಂದೆ. ಆಕೆಗೆ ಸಂತೋಷವಾದ ಹಾಗೆ ಕಾಣಲಿಲ್ಲ.

ಹೊಸ ಸ್ಪರ್ಧೆ ಶುರುವಾಗಿದೆ. ಮಾವ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಹೆಂಗಸರು ಕೇಳಿದರೆ "ನಂಗೆಂತ ಗೊತ್ತು" ಎನ್ನುತ್ತಾರೆ. ಆದರೆ ಹಾಡಿಗೆ ಮುಂಚಿನ ಆ ಚಿತ್ರ ಬಂದಾಗ ಅವರ ತುಟಿ ಅಲುಗುತ್ತದೆ.

ಹೋದ ತಿಂಗಳು ಬೇರೊಂದು ಚಾನೆಲ್ಲಿನಿಂದ ಮಗಳಿಗೆ ಫೋನ್ ಬಂತು. ಹಿಂದಿನ ಸ್ಪರ್ಧೆಯಲ್ಲಿ ನೋಡಿದ್ದೆವು, ನಮ್ಮ ಕಾರ್ಯಕ್ರಮಕ್ಕೆ ಬರುತ್ತೀರಾ ಎಂದು. ಅವಳು ನಡುಮನೆಯಲ್ಲೇ ನಿಂತು ಮಾತಾಡುತ್ತಿದ್ದಳು. ಮಾವ ರಿಮೋಟ್ ತೆಗೆದುಕೊಂಡು ಟಿ.ವಿ.ಯ ಸದ್ದು ಇಳಿಸಿದರು. ಆ ಕಡೆಯವರು ಏನು ಕೇಳಿದರೆಂದು ನಮಗೆ ಕೇಳಿಸಲಿಲ್ಲ. ಮಗಳು, "ಇಲ್ಲ, ಮನೇಲಿ ಎಲ್ಲರೂ ಚೆನ್ನಾಗಿದೀವಿ" ಎಂದಳು. ಸ್ವಲ್ಪ ತಡೆದು, "ಹೌದು, ಅಜ್ಜನೂ" ಎಂದಳು. ಮತ್ತೆ ತಿಳಿಸುತ್ತೇವೆ ಎಂದರಂತೆ.

ಮಾತ್ರೆ ಕೊಟ್ಟ ಮೇಲೆ ನಾನು ಅಲ್ಲೇ ನಿಲ್ಲುತ್ತೇನೆ. ಮಾವ ನೀರು ಕುಡಿದು, ನಾನು ಕೇಳದಿದ್ದರೂ ಸಣ್ಣ ಮಗುವಿನ ಹಾಗೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಾರೆ. ಆಸ್ಪತ್ರೆಯಿಂದ ಬಂದಾಗಿನಿಂದ ಒಂದು ದಿನವೂ ತಪ್ಪಿಲ್ಲ. ಆ ಫೋನ್ ಬಂದ ಸಂಜೆ ಮಾತ್ರ ನೀರು ಕುಡಿದು ಲೋಟ ಕೆಳಗಿಟ್ಟು ಟಿ.ವಿ. ನೋಡುತ್ತ ಕೂತರು. ನಾನು ನಿಂತೇ ಇದ್ದೆ. "ಮಾವ" ಎಂದೆ. ಇನ್ನೊಮ್ಮೆ ಕರೆದ ಮೇಲೆ ಬಾಯಿ ತೆರೆದರು.

ಬಾಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಅವರ ಮುಚ್ಚಿದ ಎಡಗೈಯನ್ನು ನೋಡುತ್ತಿದ್ದೆ.